ಶರಣಪ್ಪ ಮಾಸ್ತರರ ಸುಮಾರು ಗಣಿತ

ಸಾರು ಹೇಗಾಗಿದೆಯೆಂದು ಮನೆಯಾಕೆ ಕೇಳಿದಾಗ 'ಸುಮಾರು' ಎಂದುಬಿಟ್ಟು, ಮಜ್ಜಿಗೆಗೂ ಎರವಾದ ದಿನಗಳಲ್ಲಿ ನನಗೆ ನೆನಪಾಗುವವರು ಶರಣಪ್ಪ ಮಾಸ್ತರರು. ನಿಜಾಮರ ಕಾಲದ ಕಲಬುರಗಿಯ ಶಾಲೆಯೊಂದರಲ್ಲಿ ಅವರು ಹಿರಿಯ ಗಣಿತ ಶಿಕ್ಷಕರು, ನಾನು ಆಗಷ್ಟೇ ಸೇರಿದ ಕಿರಿಯ. ಉರ್ದುವಿನಲ್ಲಿ ಪಾಠ, ಕನ್ನಡದಲ್ಲಿ ಹರಟೆ. ನನ್ನನ್ನು ಉಪವಾಸ ಕೆಡವುವ ಆ ಪದಕ್ಕೆ ಅವರು ಸಿಂಹಾಸನ ಕೊಡಿಸಲು ಹೊರಟಿದ್ದರು.

ಬೀಜಗಣಿತದ ಕಣ್ಣಿಗೆ ಎರಡು ವಸ್ತುಗಳು ಸಮ, ಇಲ್ಲವೆ ಅಸಮ. ನಡುವಿನ ಅಂತರವೆಷ್ಟೆಂದು ಅದು ವಿಚಾರಿಸುವುದಿಲ್ಲ. 'ಸುಮಾರು ಸಮ' ಎನ್ನಿಸುವ ಆ ಅಂತರವನ್ನೂ ಒಳಗೆ ಕರೆದು, ಎಲ್ಲ ಬಗೆಯ ಬೀಜಗಣಿತಗಳಿಗೂ ಒಪ್ಪುವ ಒಂದೇ ನಿಯಮ ಕಟ್ಟಬೇಕೆಂಬುದು ಮಾಸ್ತರರ ಹಂಬಲ. ಹತ್ತಿರದವುಗಳನ್ನು ಕೂಡಿಸಲಿ, ಗುಣಿಸಲಿ, ಬಂದ ಫಲಗಳ ಅಂತರ ಮೊದಲಿನ ಅಂತರಗಳ ಮೊತ್ತವನ್ನು ಮೀರದು ಎಂದು ಅವರು ನಂಬಿದ್ದರು. ಹೈದರಾಬಾದಿನ ವಿದ್ವಾಂಸರ ಸಭೆಯಿಂದ ಆಹ್ವಾನವೂ ಬಂತು. ತಯಾರಿಗೆಂದು ಅವರು ಕಮಲಾಪುರದ ಮಗಳ ಮನೆಗೆ ಹೋದರು.

ಇತ್ತ ನಾನು, ಗುರುಗಳ ಸಿದ್ಧಾಂತ ನನಗೂ ಅರ್ಥವಾಗಿದೆಯೆಂದು ಜಂಬ ಪಡುವ ಉದ್ದೇಶದಿಂದ, ಒಂದು ಗುಣಾಕಾರ ಮಾಡಿದೆ. ನೂರೂ ನೂರೊಂದೂ ನೆರೆಮನೆಯವರು. ಇಬ್ಬರನ್ನೂ ನೂರರಿಂದ ಗುಣಿಸಿದರೆ ನಡುವೆ ನೂರು ಮನೆಗಳ ಓಣಿಯೇ ಬಿದ್ದಿತ್ತು! ಮಾಸ್ತರರು ಒಂದಕ್ಕಿಂತ ಚಿಕ್ಕ ಭಿನ್ನರಾಶಿಗಳಲ್ಲಿ ಮಾತ್ರ ಪರೀಕ್ಷಿಸಿದ್ದರು. ಅಲ್ಲಿ ಗುಣಾಕಾರ ಸಭ್ಯವಾಗಿಯೇ ನಡೆದುಕೊಂಡಿತ್ತು.

ಎತ್ತಿನ ಗಾಡಿಯಲ್ಲಿ ಕಮಲಾಪುರಕ್ಕೆ ಹೋಗುವಾಗ, ಹೇಗೆ ಹೇಳಲೆಂದು ದಾರಿಯುದ್ದಕ್ಕೂ ಒಳಗೊಳಗೇ ಬಾಯಿಪಾಠ ಮಾಡಿದೆ. ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರು ಕೇಳಿಸಿಕೊಂಡು, ಧೂಳಿನಲ್ಲಿ ಬೆರಳಿನಿಂದ ಗುಣಿಸಿ ನೋಡಿದರು. ಮಗಳು ಕೆಂಪು ಬಾಳೆಹಣ್ಣು ತಂದಿಟ್ಟಳು. ಸುಲಿದರು, ತಿನ್ನಲಿಲ್ಲ.

"ಸಭಾಕ್ಕ ಹೋಗೂದು ಬ್ಯಾಡೇನ್ರೀ, ಮಾಸ್ತರ?" ಎಂದೆ.

"ಯಾಕ ಬ್ಯಾಡ, ತಮ್ಮಾ? ಕೂಡಿಸೂದರಂಥ, ಅಂತರ ಬೆಳಸದ ಕ್ರಿಯಾ ಅಷ್ಟ ಇಟ್ಕೊಂಡು ಹೋಗ್ತೀನಿ. ಮಾತು ಸಣ್ಣದಾಗ್ತದ, ಖರೆ ಉಳೀತದ." ಹಣ್ಣನ್ನು ಮುರಿದು ಅರ್ಧ ನನಗೆ ಕೊಟ್ಟರು.

ಸಭೆಗೆ ನನ್ನನ್ನೂ ಕರೆದೊಯ್ದರು. ಮುರಿದುಬಿದ್ದ ದೊಡ್ಡ ಸಿದ್ಧಾಂತವನ್ನೇ ಮೊದಲು ವಿವರಿಸಿ, ಮುರಿದವನು ಇವನೇ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಬಳಿಕ ಉಳಿದ ಚಿಕ್ಕ ಸತ್ಯವನ್ನು ನಿಧಾನವಾಗಿ ಸಾಧಿಸಿ ತೋರಿಸಿದರು. ಇದರಿಂದೇನು ಉಪಯೋಗವೆಂದು ಒಬ್ಬರು ಕೇಳಿದ್ದಕ್ಕೆ, ತಮಗಿನ್ನೂ ತಿಳಿಯದೆಂದು ನಕ್ಕು ಕೂತರು.

ಊರಿಗೆ ಮರಳಿದ ಮರುದಿನ ಶಾಲೆಯ ಶಿಕ್ಷಕರ ಕೋಣೆಯಲ್ಲಿ, ಬಾಗಿಲ ಪಕ್ಕದ ಕಿರಿಯರ ಸಾಲಿನಲ್ಲಿ ನನ್ನ ಕುರ್ಚಿ ಕಾಣಲಿಲ್ಲ. ಅದು ಬಿಸಿಲು ಬೀಳುವ ಕಿಟಕಿಯ ಬಳಿ, ಮಾಸ್ತರರ ಕುರ್ಚಿಗೆ ಆತುಕೊಂಡು ನಿಂತಿತ್ತು. ಉಳಿದ ಹಿರಿಯರು ಹುಬ್ಬೇರಿಸಿದರು. ಮಾಸ್ತರರು ಮಾತ್ರ ಚಹಾದ ಬಸಿಯನ್ನು ನನ್ನತ್ತ ಸರಿಸಿ, ಮುಂದಿನ ಲೆಕ್ಕಕ್ಕೆ ಕೈಹಾಕಿದರು.