ದಾನಪ್ಪ ಕೂತು ಉಂಡ ಮಧ್ಯಾಹ್ನ

ಕೆನಡಾದ ಜಾರ್ಜ್‌ಟೌನಿನ ದಾನಪ್ಪ ಹಿಂದೆ ಹಡಗಿನ ಕ್ಯಾಪ್ಟನ್ ಆಗಿದ್ದವನು ಎಂದು ನಾಲ್ಕು ವರ್ಷ ನಂಬಿದವರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ತಪ್ಪು ಪೂರ್ತಿ ನಮ್ಮದಲ್ಲ. ಅವನ ಮನೆಯಲ್ಲೊಂದು ಫೋಟೊ ಇದೆ: ಬಿಳಿ ಕೋಟು, ಹಿತ್ತಾಳೆ ಗುಂಡಿ, ಬೆನ್ನ ಹಿಂದೆ ನೀಲಿ ನೀರು. ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಒಮ್ಮೆ ಆಕಾಶ ನೋಡಿ "ಮಳಿ ಬರ್ತೈತ್ರಿ" ಅಂದ. ಇಪ್ಪತ್ತು ನಿಮಿಷಕ್ಕೆ ಬಂದೇಬಿಟ್ಟಿತು. ಇನ್ನೇನು ಬೇಕು? ಎಲ್ಲಿ ಹೋದರೂ ಅವನಿಗೆ ಕುರ್ಚಿ ಬಿಟ್ಟುಕೊಡತೊಡಗಿದೆವು. ಕೊನೆಗೊಂದು ದಿನ ಹೆಂಡತಿ ಗಿರಿಜವ್ವ, "ಎಲ್ಲೀ ಕ್ಯಾಪ್ಟನ್ರಿ, ಇವ್ರು ಹಡಗಿನ್ಯಾಗ ಊಟಕ್ಕ ಬಡಸ್ತಿದ್ರು" ಎಂದಳು. ಮುಂದಿನ ಪಿಕ್‌ನಿಕ್ಕಿನಲ್ಲಿ ಅವನ ಕೈಗೆ ಸೌಟು ಬಂತು.

ಸೌಟು ಸಿಕ್ಕಿದ್ದಕ್ಕೆ ದಾನಪ್ಪನಿಗೆ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಕಷ್ಟವಾಗುತ್ತಿದ್ದದ್ದು ಕುರ್ಚಿಯೇ. ಬೈಲಹೊಂಗಲದ ಕಡೆಯವನು, ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಬಡಿಸುವುದನ್ನು ಕಲಿತು, ಗೋವಾದ ಏಜೆಂಟನ ಮೂಲಕ ಹಡಗು ಹತ್ತಿದ. ಐಷಾರಾಮಿ ಹಡಗುಗಳಲ್ಲಿ ಮಧ್ಯಾಹ್ನದ ಊಟಕ್ಕೆ ಎರಡು ದಾರಿ. ಮೇಲಿನ ಡೆಕ್ಕಿನಲ್ಲಿ ಬಫೆ, ತಟ್ಟೆ ಹಿಡಿದು ಬೇಕಾದ್ದನ್ನು ತಾವೇ ಹಾಕಿಕೊಳ್ಳುವುದು. ಕೆಳಗಿನ ದೊಡ್ಡ ಊಟದ ಮನೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಒಂದೊಂದಾಗಿ ತಂದು ಬಡಿಸುವುದು. ದಾನಪ್ಪ ಎರಡೂ ಕಡೆ ಹನ್ನೆರಡು ವರ್ಷ ದುಡಿದ. ತನ್ನ ಊಟ ಮಾತ್ರ ಪ್ಯಾಂಟ್ರಿಯ ಬಾಗಿಲ ಹಿಂದೆ, ಅಂಗೈ ಮೇಲೆ ತಟ್ಟೆ, ನಿಂತುಕೊಂಡು, ಒಂಬತ್ತು ನಿಮಿಷ.

ಗಿರಿಜವ್ವನಿಗೆ ನರ್ಸ್ ಕೆಲಸ ಸಿಕ್ಕು ಇಬ್ಬರೂ ಕೆನಡಾಕ್ಕೆ ಬಂದು ಹತ್ತು ವರ್ಷವಾಯಿತು. ಈಗ ಅವನು ವೃದ್ಧರ ನಿವಾಸವೊಂದರ ಊಟದ ಮನೆ ನೋಡಿಕೊಳ್ಳುತ್ತಾನೆ. ಹಡಗು ಬಿಟ್ಟರೂ ಒಂಬತ್ತು ನಿಮಿಷ ಬಿಟ್ಟಿಲ್ಲ. ಮನೆಯಲ್ಲಿ ಒಲೆಯ ಪಕ್ಕ ನಿಂತೇ ಉಣ್ಣುತ್ತಾನೆ. ಗಿರಿಜವ್ವ ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಅವನ ತಟ್ಟೆ ತೊಳೆದು, ಒರೆಸಿ, ಕಪಾಟು ಸೇರಿರುತ್ತದೆ. ಅವಳ ಬಟ್ಟಲು ಖಾಲಿಯಾಗುವ ಮೊದಲೇ ಕೈ ಚಾಚುತ್ತಾನೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಗಂಡ ಹೆಂಡತಿ ಎದುರುಬದುರು ಕೂತು ಒಂದು ಊಟ ಮುಗಿಸಿದ್ದಿಲ್ಲ.

ಹೀಗಿರುವಾಗ ನಮ್ಮ ಕೂಟದವರೇ ಆದ ಯೂನಿಯನ್‌ವಿಲ್ಲಿನ ಸತ್ಯಪ್ರಕಾಶ್ ಅವರಿಗೆ ಅರವತ್ತು ತುಂಬುವುದೆಂದು ತಿಳಿದುಬಂತು. ಸಾಫ್ಟ್‌ವೇರ್ ಕಂಪನಿಯಲ್ಲಿ ಡೈರೆಕ್ಟರು, ಮೈಸೂರಿನವರು. ಅವರಿಗೆ ವಯಸ್ಸಾಗುವುದೂ ಒಂದು ಪ್ರಾಜೆಕ್ಟು. ಐದಾರು ಜೋಡಿಗಳನ್ನು ಕೂಡಿಸಿಕೊಂಡು ಮಾರ್ಚಿನಲ್ಲಿ ದೊಡ್ಡ ಹಡಗು ಹತ್ತುವುದು, ಅದಕ್ಕೆ ಮೊದಲು ಒಂದು ಭಾನುವಾರ ತಮ್ಮ ಮನೆಯಲ್ಲಿ ಎಲ್ಲರಿಗೂ ಊಟದ ರಿಹರ್ಸಲ್ ಮಾಡಿಸುವುದು ಎಂದು ನಿಶ್ಚಯಿಸಿದರು. ಸಲಹೆಗಾರನಾಗಿ ದಾನಪ್ಪನೂ ಹೆಂಡತಿಯ ಜೊತೆ ಬರಬೇಕು, ಹಡಗಿಗೂ ಬರಬೇಕು.

ಫೋನಿನಲ್ಲಿ ಹನ್ನೆರಡು ವರ್ಷ ವರ್ಣಿಸಿದ ಆ ಊಟದ ಮನೆಯನ್ನು ಗಿರಿಜವ್ವನಿಗೆ ಒಮ್ಮೆ ತೋರಿಸಬೇಕೆಂಬುದು ದಾನಪ್ಪನ ಬಹುಕಾಲದ ಆಸೆ. ಭಾನುವಾರ ಕಾರಿನಲ್ಲಿ ಅವಳು ಷರತ್ತು ಹಾಕಿದಳು.

"ಹಡಗಿಗೆ ಬರ್ತೀನ್ರಿ. ಆದ್ರ ಇವತ್ತ ನಾ ಉಂಡು ಮುಗಸೂತನಕ ನೀವು ನನ್ನೆದುರಿಗೆ ಕುಂದರಬೇಕು."

"ಕುಂದರ್ತೀನಿ ತಗೋ. ಅದೇನ ದೊಡ್ಡ ಮಾತ?"

"ಎದ್ರಿ ಅಂದ್ರ ನೀವೊಬ್ರ ಹೋಗ್ರಿ. ನಾ ಒಬ್ಬಾಕಿ ಉಣ್ಣೂದು, ನೀವು ಮಂದಿ ತಟ್ಟಿ ಎತ್ತೂದು, ಅದಕ್ಕ ಸಮುದ್ರ ಯಾಕ ಬೇಕು? ಜಾರ್ಜ್‌ಟೌನ್ ಸಾಕು."

ಅವಳು ನಗಲಿಲ್ಲ. ದಾನಪ್ಪ ಉಳಿದ ದಾರಿಯುದ್ದಕ್ಕೂ ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತ ಬಂದ.

ಯೂನಿಯನ್‌ವಿಲ್ಲಿನಲ್ಲಿ ಟಿ.ವಿ.ಯ ಮೇಲೆ ಸ್ಲೈಡುಗಳು ಓಡುತ್ತಿದ್ದವು. ಮೂರನೆಯ ಸ್ಲೈಡಿಗೇ ಜಗಳ ಬಂತು: ಮಧ್ಯಾಹ್ನ ಬಫೆಯೋ, ಕೂತು ಉಣ್ಣುವುದೋ.

"ಬಫೆ ಅಂದ್ರೆ ಕ್ಯೂ," ಎಂದರು ಸತ್ಯಪ್ರಕಾಶ್. "ಕ್ಯೂ ನಿಲ್ಲೋಕೆ ಪಾಸ್‌ಪೋರ್ಟ್ ಆಫೀಸ್ ಇದೆ. ಡಿಗ್ನಿಟಿ ಇರೋದು ಸಿಟ್‌ಡೌನಲ್ಲಿ."

"ಡಿಗ್ನಿಟಿ ನಿಮಗೆ," ಎಂದರು ಅವರ ಹೆಂಡತಿ ಪದ್ಮಾ. "ಒಂದೂವರೆ ಗಂಟೆ ಪಕ್ಕದಲ್ಲಿ ಕೂತು ಕ್ಲೌಡ್ ಮೈಗ್ರೇಶನ್ ಕಥೆ ಕೇಳೋಳು ನಾನು. ಬಫೆ ಆದ್ರೆ ಸಲಾಡ್ ತರ್ತೀನಿ ಅಂತ ಎದ್ದಾದ್ರೂ ಹೋಗ್ಬಹುದು."

"ಅಕ್ಕಾರು ಹೇಳೂದು ಖರೆ ಐತ್ರಿ," ಎಂದ ದಾನಪ್ಪ. "ಬಫೆದಾಗ ಭಾಳ ಸಂಸಾರ ಉಳದಾವು."

ಗಿರಿಜವ್ವ ಅವನನ್ನು ನೋಡಿದಳು. ಅವನು ನೀರು ಕುಡಿದ.

ಸತ್ಯಪ್ರಕಾಶ್ ತೀರ್ಪು ಕೊಟ್ಟರು. "ಸಿಟ್‌ಡೌನ್ ಅಂದ್ರೆ ಏನು ಸ್ವಾಮಿ? ನಮ್ಮ ಪಂಕ್ತಿ ಊಟಾನೇ. ನಾವು ಸಾವಿರ ವರ್ಷದಿಂದ ಮಾಡ್ತಿರೋದನ್ನ ಅವರು ಈಗ ಮಾಡ್ತಿದಾರೆ. ಸೋ, ಪಂಕ್ತಿಯ ರೂಲೇ ರೂಲು. ಕೊನೇವರು ಮುಗಿಸೋ ತನಕ ಯಾರೂ ಏಳೋ ಹಾಗಿಲ್ಲ."

ಪ್ರಪಂಚದ ಯಾವ ಹಡಗಿನಲ್ಲೂ ಇಂಥ ನಿಯಮ ತಾನು ಕಂಡಿಲ್ಲ ಎಂದು ಹೇಳಲು ದಾನಪ್ಪ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ.

ಎಲ್ಲರೂ ಮೇಜಿಗೆ ಹಾಸಿದ ಬಾಳೆಎಲೆಗಳ ಮುಂದೆ ಕೂತರು, ದಾನಪ್ಪ ಗಿರಿಜವ್ವನ ಎದುರಿಗೆ. ಬಡಿಸುವ ಕೆಲಸ ವಿಕ್ರಮ್ ಎಂಬ ಇಂಜಿನಿಯರಿನದು. ಸತ್ಯಪ್ರಕಾಶ್ ಅವರ ಕೈಕೆಳಗೆ ಕೆಲಸ ಮಾಡುವವನು, ಒಲ್ಲೆ ಎನ್ನುವ ಹಾಗಿರಲಿಲ್ಲ. ದಾನಪ್ಪನ ಊಟ ಒಂಬತ್ತು ನಿಮಿಷಕ್ಕೆ ಮುಗಿಯಿತು. ಗಿರಿಜವ್ವ ಆಗ ಕೋಸಂಬರಿಯಲ್ಲಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ. ವಿಕ್ರಮ್ ಖಾಲಿ ಬಟ್ಟಲುಗಳನ್ನು ಚಮಚ ಸಮೇತ ಒಂದರ ಮೇಲೊಂದು ಪೇರಿಸಿದ. ದಾನಪ್ಪನ ಬಲಗಾಲು ತಾನಾಗಿ ಮುಂದೆ ಸರಿಯಿತು. ಪಕ್ಕದವರ ಲೋಟ ಖಾಲಿಯಾಗಿ ಏಳು ನಿಮಿಷವಾದರೂ ಯಾರೂ ನೋಡಲಿಲ್ಲ. ಅವನ ಕಿವಿ ಬಿಸಿಯಾಯಿತು. ಆಮೇಲೆ ವಿಕ್ರಮ್ ಎರಡನೇ ಸುತ್ತಿಗೆ ಸಾರಿನ ಪಾತ್ರೆಯನ್ನು ಕಂಠಮಟ್ಟ ತುಂಬಿಕೊಂಡು, ಒಂದೇ ಕೈಯಲ್ಲಿ ಹಿಡಿದು, ಸತ್ಯಪ್ರಕಾಶ್ ಅವರ ಬಿಳಿ ಕಾರ್ಪೆಟ್ಟಿನ ಮೇಲೆ ಬರತೊಡಗಿದ. ದಾನಪ್ಪ ಅರ್ಧ ಎದ್ದ.

"ಬೀಳ್ಲಿ ಬಿಡ್ರಿ," ಎಂದಳು ಗಿರಿಜವ್ವ, ತಲೆ ಎತ್ತದೆ.

ಬಿತ್ತು. ಎಲ್ಲರೂ ಲಬೋ ಎಂದರು. ಕಾರ್ಪೆಟ್ಟಿನ ಕಲೆಗೆ ಉಪ್ಪು ಸುರಿಯಬೇಕು, ಉಜ್ಜಬಾರದು ಎಂದು ಬಲ್ಲ ಏಕೈಕ ಮನುಷ್ಯ ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಕೂತಿದ್ದ. ಎದುರಿಗೆ ವಿಕ್ರಮ್ ಉಜ್ಜುತ್ತಿದ್ದ.

ಅತ್ತ ನೋಡಲಾರದೆ ದಾನಪ್ಪ ಹೆಂಡತಿಯ ಎಲೆ ನೋಡಿದ. ಕರಿಬೇವನ್ನು ಅವಳು ಒಂದೊಂದಾಗಿ ಎಡತುದಿಗೆ ಸರಿಸಿಟ್ಟಿದ್ದಳು. ಹಪ್ಪಳವನ್ನು ಮುಟ್ಟದೆ ಕೊನೆಗೆಂದು ಉಳಿಸಿಕೊಂಡಿದ್ದಳು.

"ನೀ ಕರಿಬೇವು ತಿನ್ನಂಗಿಲ್ಲೇನ?" ಎಂದು ಕೇಳಿದ.

"ಸಣ್ಣಾಕಿ ಇದ್ದಾಗಿಂದ ಇಲ್ಲ."

ಯಾವ ಮೇಜಿನ ಯಾವ ಮುದುಕಿಗೆ ಈರುಳ್ಳಿ ಆಗದು, ಯಾರ ಕಾಫಿಗೆ ಹಾಲು ಬೇರೆ ಕೊಡಬೇಕು, ಎಲ್ಲವನ್ನೂ ನೆನಪಿಟ್ಟವನು ದಾನಪ್ಪ. ಅವನು ಕುರ್ಚಿಯ ಅಂಚು ಬಿಟ್ಟು ಮುಂದೆ ಬಾಗಿ ಕೂತ. ಕಾಲು ಮಾತ್ರ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ಗಿರಿಜವ್ವ ತನ್ನ ವಾರ್ಡಿನ ಸಿಡುಕಿನ ರೋಗಿಯೊಬ್ಬನ ಕಥೆ ತೆಗೆದಳು; ನಿಧಾನವಾಗಿ, ನಡುನಡುವೆ ಅಗಿಯುತ್ತ, ಕೇಳುವವನು ಎಲ್ಲೂ ಹೋಗುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದಳು. ಅವನು "ಹೂಂ" ಅಂದ, ಮತ್ತೆ "ಹೂಂ" ಅಂದ, ಮೂರನೇ ಸಲ "ಆಮ್ಯಾಲ?" ಅಂದ.

ಐವತ್ತು ನಿಮಿಷವಾಗಿತ್ತು. ಉಳಿದವರೆಲ್ಲ ಮುಗಿಸಿ, ಒಣಗಿದ ಕೈ ಹಿಡಿದು ಕಾಯುತ್ತಿದ್ದರು. ತಮ್ಮದೇ ನಿಯಮದಲ್ಲಿ ಸಿಕ್ಕಿಬಿದ್ದ ಸತ್ಯಪ್ರಕಾಶ್ ಅವರಿಗೆ ಬಾತ್‌ರೂಮಿಗೆ ಹೋಗಬೇಕಾಗಿತ್ತೆಂದು ಕಾಣುತ್ತದೆ. ಕುರ್ಚಿಯಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ವಾಲುತ್ತಿದ್ದರು. ಆದರೂ ಗಾಂಭೀರ್ಯ ಬಿಡದೆ ಪೆನ್ನು ತೆಗೆದರು.

"ದಾನಪ್ಪನವರೇ, ಒಂದು ಪಾಯಿಂಟು ಬರ್ಕೊಳ್ತೀನಿ. ಸಿಟ್‌ಡೌನ್ ಲಂಚಲ್ಲಿ ಮಧ್ಯ ಏಳ್ಬೇಕು ಅನ್ಸಿದ್ರೆ ಪ್ರೋಟೋಕಾಲ್ ಏನು? ಪರ್ಮಿಷನ್ ಯಾರ ಹತ್ರ ಕೇಳ್ಬೇಕು, ಹೆಡ್ ವೇಟರ್ ಹತ್ರಾನೋ ಮ್ಯಾನೇಜರ್ ಹತ್ರಾನೋ?"

"ಹೆಂಡ್ತೀನ್ನ ಕೇಳಬೇಕ್ರಿ," ಎಂದ ದಾನಪ್ಪ. "ನಮ್ಮಾಕಿದು ಇನ್ನ ಮಜ್ಜಿಗಿ ಅನ್ನ ಆಗಿಲ್ಲ, ಸುಮ್ನ ಕುಂದರ್ರಿ."