ಮೃದುವಿಗೆ ನಾನು ಕೊಟ್ಟ ಒಂದೇ ಎದುರುಪದ

ಅಕ್ಷರವನ್ನು ನಾಲಗೆಯ ಮೇಲೆ ನಿಲ್ಲಿಸಿದ ವಾಗ್ದೇವಿಗೂ, ಮೂಡುಬಿದಿರೆಯ ಪಾಠಶಾಲೆಯಲ್ಲಿ ನನ್ನ ಮಂದಬುದ್ಧಿಯನ್ನು ಸಹಿಸಿದ ಗುರುಗಳಿಗೂ ಮೊದಲು ವಂದಿಸುತ್ತೇನೆ. ಅವರಿಂದ ಪಡೆದದ್ದನ್ನು ನಾನು ಕೆಡಿಸಿದ ಕತೆಯಿದು.

ಬಂಟ್ವಾಳದಲ್ಲಿ ನಮ್ಮ ನೆರೆಮನೆಯಾಕೆ ಬೀಡಿ ಕಟ್ಟಿ ಸಂಸಾರ ಸಾಗಿಸುವವಳು. ಬೆಳ್ತಂಗಡಿಯ ಕಡೆ ಒಂದು ಶಿಶುವಿಹಾರದಲ್ಲಿ ಸಹಾಯಕಿ ಬೇಕೆಂದು ತಿಳಿದು, ಸಂದರ್ಶನಕ್ಕೆ ಇಂಗ್ಲಿಷ್ ಕಲಿಸಬೇಕೆಂದು ಕೇಳಿಕೊಂಡಳು. ಎಲೆಯ ಧೂಳಿನಿಂದ ಅವಳಿಗೆ ಕೆಮ್ಮು ಹತ್ತಿತ್ತು. ಆ ಕೆಲಸ ಸಿಕ್ಕಿದರೆ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಮೊರವನ್ನು ಕೆಳಗಿಡಬಹುದಿತ್ತು. ನಾನು ಸಂಸ್ಕೃತದ ಮೇಷ್ಟ್ರು. ಇಂಗ್ಲಿಷನ್ನು ನಾನು ಕಲಿತದ್ದು ಜೋಡಿಪದಗಳ ಬಾಯಿಪಾಠದಿಂದ, ಕಲಿಸಿದ್ದೂ ಹಾಗೆಯೇ.

‘ಸಾಫ್ಟ್’ ಎಂದರೆ ಮೃದು, ಎದುರುಪದ ‘ಹಾರ್ಡ್’ ಎಂದೆ. ಅವಳು ತುಸು ಯೋಚಿಸಿ ಕೇಳಿದಳು:

“ನೆನೆಸಿದ ಎಲೆ ಸಾಫ್ಟ್ ಇರ್ತದೆ ಮಾಷ್ಟ್ರೇ. ಒಣಗಿದ್ದು ಹಾರ್ಡ್ ಅಲ್ಲ ಅಲ್ವಾ? ಮಡಚಿದ್ರೆ ಪುಡಿ ಆಗ್ತದೆ. ಅದಕ್ಕೆ ಬೇರೆ ಶಬ್ದ ಇಲ್ವಾ?”

ಇತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಲಗೆ ಏಳಲಿಲ್ಲ.

“ಬೀಡಿಯ ಎಲೆಯನ್ನು ಪಾಠಕ್ಕೆ ತರಬೇಡ. ಒಂದು ಪದಕ್ಕೆ ಒಂದೇ ಎದುರುಪದ,” ಎಂದೆ. ಅವಳು ತಲೆ ತಗ್ಗಿಸಿದಳು.

ಸಂದರ್ಶನದಲ್ಲಿ ಮುಖ್ಯೋಪಾಧ್ಯಾಯಿನಿ ಕೇಳಿದ್ದು ಅದೇ ಪದವನ್ನು. ಮೃದುವಾದ ದನಿ, ಮೃದುವಾದ ಬಟ್ಟೆ, ಮೃದುವಾದ ಎಲೆ: ಪ್ರತಿಯೊಂದಕ್ಕೂ ತಕ್ಕ ಎದುರುಪದ ಹೇಳಬೇಕಿತ್ತಂತೆ. ಮೂರಕ್ಕೂ ಇವಳು ‘ಹಾರ್ಡ್’ ಎಂದಳು. ಕೆಲಸ ಅಲ್ಲೇ ಹತ್ತಿರದ ಲಾಯಿಲ ಗ್ರಾಮದ ಒಬ್ಬ ಹುಡುಗಿಗೆ ಹೋಯಿತು.

ಮರಳಿ ಬಂದು ನಮ್ಮ ಜಗಲಿಯ ಕೆಳಗೆ ನಿಂತು ಇದನ್ನೆಲ್ಲ ಹೇಳಿದಳು. ದೂರುವ ಧ್ವನಿ ಇರಲಿಲ್ಲ.

“ಅಕ್ಕನ ಮಗಳು ಮೊಬೈಲಿನಲ್ಲಿ ಮೊದಲೇ ತೋರಿಸಿದ್ದಳು ಮಾಷ್ಟ್ರೇ. ದನಿಗೆ ಲೌಡ್, ಬಟ್ಟೆಗೆ ರಫ್, ಎಲೆಗೆ ಬ್ರಿಟಲ್ ಅಂತ. ನೀವು ಒಂದೇ ಅಂದಿದ್ರಿ. ಗುರುಗಳ ಮಾತು ದಾಟುವುದು ಹೇಗೆ?”

ಗುರುವಾಕ್ಯವನ್ನು ಮೀರಬಾರದೆಂದು ಜೀವನವಿಡೀ ಬೋಧಿಸಿದವನು ನಾನು. ಆ ಬೋಧನೆಯನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ ಇರಬೇಕು.

ತಪ್ಪು ನನ್ನದೆಂದು ಹೇಳಲು ಆ ಶಾಲೆಗೆ ಹೋಗಬೇಕೆಂದುಕೊಂಡೆ. ಏಕಾದಶಿ ಕಳೆಯಲಿ ಎಂದೆ, ಮಳೆ ನಿಲ್ಲಲಿ ಎಂದೆ. ಕೊನೆಗೆ ಹೋದಾಗ ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ಕೇಳಿಸಿಕೊಂಡು, ಈಗ ಬಂದವಳನ್ನು ಬಿಡಿಸಲಾಗದು, ಮುಂದೆ ಸ್ಥಾನ ತೆರವಾದರೆ ಇವಳನ್ನು ಕರೆಯುತ್ತೇನೆ ಎಂದರು. ಮರಳಿ ಬಂದು ಅವಳ ಅಂಗಳಕ್ಕೆ ಹೋದೆ. ಅಂದು ನನಗೆ ಉತ್ತರ ಗೊತ್ತಿರಲಿಲ್ಲವೆಂದು ಒಪ್ಪಿಕೊಂಡೆ. ಅವಳು ಎಲೆ ಕತ್ತರಿಸುತ್ತಲೇ, “ಆಗಲೇ ಹೇಳಬಹುದಿತ್ತಲ್ಲ ಮಾಷ್ಟ್ರೇ,” ಎಂದಳು. ನಡುವೆ ಕೆಮ್ಮು ಬಂತು.

ಆಕೆಯ ಎದೆ ಹಗುರಾಗಲಿ, ಆ ಕರೆ ಬೇಗ ಬರಲಿ. ಆಕೆಗೆ ಸರಿಯಾದುದನ್ನು ತೋರಿಸಿದ ಮಗುವಿಗೆ ವಿದ್ಯೆ ಒಲಿಯಲಿ. ನೇರವಾಗಿ ಕೇಳಿದ ಮುಖ್ಯೋಪಾಧ್ಯಾಯಿನಿಗೂ, ಏನನ್ನೂ ಅರಿಯದ ಲಾಯಿಲದ ಹುಡುಗಿಗೂ ಭಗವಂತನು ಮಂಗಳವನ್ನುಂಟುಮಾಡಲಿ.