ಹೊಲಿದಿಟ್ಟ ಸರದಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಿಪಟೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಶಬೀನಾ ಜಗಲಿಯ ಮೇಲೆ ಕೂತು, ಹರಿದ ಗೋಣಿಚೀಲವನ್ನು ತೊಡೆಯ ಮೇಲೆ ಹರಡಿಕೊಂಡು, ದಬ್ಬಣಕ್ಕೆ ಹುರಿ ಪೋಣಿಸುತ್ತಿದ್ದಾರೆ. ಇವತ್ತು ಕೊಬ್ಬರಿ ಹರಾಜು. ಗೋಡೆಯುದ್ದಕ್ಕೂ ಚೀಲದ ಕಟ್ಟುಗಳು ಊಟಕ್ಕೆ ಕೂರಿಸಿದ ಮಕ್ಕಳಂತೆ ಸಾಲಾಗಿವೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಟ್ಟಿಗೂ ಪಕ್ಕದ ಕಟ್ಟಿಗೂ ಹೊಲಿಗೆ ಬಿದ್ದಿದೆ. ಕಂಡವರು ನಗುತ್ತಾರೆ. ಶಬೀನಾರಿಗೆ ಮಾತ್ರ ನಗು ಬರುವುದಿಲ್ಲ.

"ನಗೋರು ನಗ್ಲಿ ಬುಡಿ. ಹೊಲೀದೆ ಬಿಟ್ರೆ ಇವು ತಾವೇ ನಡ್ಕೊಂಡು ಮುಂದಕ್ಕೆ ಹೋಯ್ತವೆ ಕಣ್ರೀ."

ಇಲಿ ಕಡಿದ ಚೀಲ, ಹಮಾಲರ ಕೊಕ್ಕೆ ಸಿಕ್ಕಿ ಕಿತ್ತ ಚೀಲ, ಬಾಯಿ ಬಿಚ್ಚಿಹೋದ ಚೀಲ ಎಲ್ಲವೂ ಮಂಡಿಗಳಿಂದ ಈ ಜಗಲಿಗೇ ಬರಬೇಕು. ಅತ್ತೆ ತಾಜುನ್ನೀಸಾ ಕಲಿಸಿಕೊಟ್ಟ ಕೆಲಸ ಇದು. ಹರಾಜಿನ ಹಿಂದಿನ ದಿನ ಎಂಬತ್ತು ಚೀಲವಾದರೂ ಕೈ ದಾಟುತ್ತದೆ. ಅತ್ತೆಯ ಕಾಲದಿಂದಲೂ ಇಲ್ಲಿನ ರೂಢಿ ಒಂದೇ ಆಗಿತ್ತು: ಬಂದವರು ಚೀಲ ತಂದು ರಾಶಿಯ ಮೇಲೆ ಎಸೆದು, "ನಮ್ಮವು ನಾಕೇ ನಾಕು, ಇವತ್ತೇ ಬೇಕು" ಎಂದು ಕೂಗಿ ಹೋಗುವುದು. ಎಲ್ಲರದೂ ನಾಕೇ ನಾಕು. ಎಲ್ಲರಿಗೂ ಇವತ್ತೇ.

"ಹೊಲಿದ್ರೂ ಬೈಸ್ಕೋತಿದ್ದೆ, ಹೊಲೀದಿದ್ರೂ ಬೈಸ್ಕೋತಿದ್ದೆ. ತಪ್ಪು ನನ್ ಕೈದಾ, ಕೆಲಸದ್ದಾ, ಅದಾದ್ರೂ ಗೊತ್ತಾಗ್ಲಿ ಅಂತ ಕೋರ್ಸಿಗೆ ಸೇರ್ಕೊಂಡೆ."

ಎಸ್ಸೆಸ್ಸೆಲ್ಸಿ ಮುಗಿಸಿದ ಶಬೀನಾ, ಸೈಬರ್ ಸೆಂಟರಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿ ಆನ್‌ಲೈನಿನಲ್ಲಿ ಸಣ್ಣ ಉದ್ದಿಮೆ ನಿರ್ವಹಣೆ ಕಲಿಯಲು ಹೊರಟದ್ದು ಹೋದ ವರ್ಷ, 2008ರ ಆರಂಭದಲ್ಲಿ. ಮನೆಯಲ್ಲೇ ಕೂತು ಕಲಿಯಿರಿ ಎಂದು ಚೀಟಿಯಲ್ಲಿತ್ತು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಸೈಬರ್ ಸೆಂಟರಿಗೆ ಹೋದರೆ ಕನ್ನಡದ ಪಾಠವೆಲ್ಲ ಅಕ್ಷರದ ಬದಲು ಚೌಕ ಚೌಕವಾಗಿ ಕಾಣುತ್ತಿತ್ತು. ಅದನ್ನು ಸರಿಮಾಡಿಸಿದರೆ ಕರೆಂಟು ಹೋಗುತ್ತಿತ್ತು. ಕರೆಂಟು ಬರುವಷ್ಟರಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತು. ಗಂಡ ಅಜ್ಮತ್ ಸ್ಕೂಟರ್ ಮೆಕ್ಯಾನಿಕ್. ಗ್ರೀಸು ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ.

"ಮೇಡಂ, ಇವತ್ತು ಊಟಾನೂ ಆನ್‌ಲೈನಾ?"

"ಹೂಂ. ಕರೆಂಟ್ ಬಂದ್ಮೇಲೆ ಬಡಿಸ್ತೀನಿ, ಕೈ ತೊಳ್ಕೊಂಡು ಕಾಯ್ತಿರಿ."

ಹಾಗೂ ಹೀಗೂ ಓದಿದ ಪಾಠಗಳಲ್ಲಿ ಒಂದು ಮಾತು ಶಬೀನಾರನ್ನು ಹಿಡಿದು ಕೂರಿಸಿತು: ಮೊದಲು ಬಂದ ಕೆಲಸ ಮೊದಲು ಮುಗಿಯಬೇಕು. ಇದೇನು ಮಹಾ ಎಂದುಕೊಂಡೇ ಮನೆಗೆ ಬಂದು ರಾಶಿ ನೋಡಿದರು. ಮೊದಲು ಬಂದ ಚೀಲ ಅಡಿಯಲ್ಲಿತ್ತು. ಕೊನೆಗೆ ಎಸೆದದ್ದು ಮೇಲಿತ್ತು, ಕೈಗೆ ಸಿಗುತ್ತಿದ್ದದ್ದೂ ಅದೇ. ಶೆಟ್ಟಿಕೆರೆಯ ಭೂತಮ್ಮ ಹಳೇ ಚೀಲ ಕೊಂಡು, ರಿಪೇರಿ ಮಾಡಿಸಿ ಊರಲ್ಲಿ ಮಾರುವವರು; ಬೆಳಗಿನ ಮೊದಲ ಬಸ್ಸಿಗೇ ಬರುತ್ತಿದ್ದರು. ಅವರ ಚೀಲದ ಮೇಲೆ ಇಡೀ ಮಾರುಕಟ್ಟೆ ಬಂದು ಬೀಳುತ್ತಿತ್ತು. ಆಕೆ ಸಂಜೆಯವರೆಗೂ ಜಗಲಿಯ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು.

ಕೋರ್ಸಿನ ಕೊನೆಯ ಕೆಲಸ ಇಷ್ಟೇ: ನಿಮ್ಮ ಕಸುಬಿನಲ್ಲಿ ಒಂದು ಬದಲಾವಣೆ ಮಾಡಿ, ಒಂದು ತಿಂಗಳು ಬಿಡದೆ ಪಾಲಿಸಿ, ಫೋಟೋ ಮತ್ತು ಗಿರಾಕಿಯ ಅಭಿಪ್ರಾಯ ಕಳಿಸಿ. ನಡುವೆ ಕೈಬಿಟ್ಟರೆ ಸರ್ಟಿಫಿಕೇಟ್ ಇಲ್ಲ. ವರ್ಷದ ಪಾಡೆಲ್ಲ ನೀರುಪಾಲು.

ಶಬೀನಾ ರಾಶಿ ತೆಗೆದು ಸಾಲು ಮಾಡಿದರು. ಎರಡೇ ದಿನಕ್ಕೆ, ಸೈಬರ್ ಸೆಂಟರಿಗೆ ಹೋಗಿಬರುವಷ್ಟರಲ್ಲಿ, ಹಿಂದಿದ್ದ ಕಟ್ಟುಗಳು ಮುಂದಿದ್ದವು. ಯಾರನ್ನು ಕೇಳಿದರೂ "ನಮಗೇನು ಗೊತ್ತು?" ಸಿಟ್ಟು ನೆತ್ತಿಗೇರಿ, ಕೈಯಲ್ಲಿದ್ದ ದಬ್ಬಣದಿಂದಲೇ ಒಂದು ಕಟ್ಟನ್ನು ಇನ್ನೊಂದಕ್ಕೆ ಹೊಲಿದುಬಿಟ್ಟರು.

ದೊಡ್ಡ ಮಂಡಿಯ ಗಿರಿಜಾಂಬಿಕಾ ಆಟೋ ಮಾಡಿಕೊಂಡು ಬಂದರು. ಶಬೀನಾರ ದುಡಿಮೆಯಲ್ಲಿ ಅರ್ಧ ಅವರ ಮಂಡಿಯದೇ.

"ಏನಮ್ಮಾ ಇದು? ನಮ್ಮ ಚೀಲಾನ ಭೂತಮ್ಮನ ಚೀಲಕ್ಕೆ ಹೊಲ್ದಿದ್ದೀಯಲ್ಲ!"

"ಅವ್ರ ಹಿಂದೆ ಬಂದ್ವಲ್ಲ ಅಮ್ಮೋರೇ."

"ನಿಮ್ಮತ್ತೆ ಕಾಲದಿಂದ ಕೊಡ್ತಿದ್ದೀವಿ. ನಮಗೂ ಸರದೀನಾ?"

"ನಮ್ಮ ಯಜಮಾನ್ರ ಸಾಮಾನಿನ ಚೀಲಾನೂ ಹರಿದೈತೆ. ಅಗೋ, ಕೊನೇಲೈತೆ ನೋಡಿ."

ಗಿರಿಜಾಂಬಿಕಾ ತಿರುಗಿ ಆಟೋ ಹತ್ತಿದರು. ಅವರ ಹಮಾಲಿ ತಿಪ್ಪಯ್ಯ ಹೊಲಿಗೆ ಕೊಯ್ದು ತಮ್ಮ ಮಂಡಿಯ ಕಟ್ಟುಗಳನ್ನೆಲ್ಲ ಹೊತ್ತೊಯ್ದ. ಮುಂದಿನ ಹರಾಜಿಗೆ ಆ ಮಂಡಿಯ ಒಂದು ಚೀಲವೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ಫೋಟೋ ತೆಗೆಯೋ ದಿನ ಸಾಲು ಮಾಡು, ಮಿಕ್ಕ ದಿನ ರಾಶಿ ಹಾಕ್ಕೋ," ಎಂದ ಅಜ್ಮತ್. ಈ ಸಲ ತಮಾಷೆಗಲ್ಲ. "ಕಂಪ್ಯೂಟ್ರಿಗೇನು ಕಣ್ಣಿದ್ಯಾ?"

"ಅದಕ್ಕಿಲ್ಲ. ನಂಗೈತಲ್ಲ."

ಅಭಿಪ್ರಾಯ ಹೇಳಲು ಸೈಬರ್ ಸೆಂಟರಿಗೆ ಬಂದವರು ಭೂತಮ್ಮ. "ಮೊದ್ಲು ದೀಪ ಹಚ್ಚೋ ಹೊತ್ಗೆ ಮನೆ ಸೇರ್ತಿದ್ದೆ. ಈಗ ಮದ್ಯಾನ್ನದ ಮುದ್ದೆ ಮನೇಲೇ ಉಣ್ತೀನಿ. ಇನ್ನೇನೇಳ್ಲಿ?" ಎಂದು, ಕಂಪ್ಯೂಟರಿನ ಕಡೆ ಬಗ್ಗಿ, "ಕೇಳಿಸ್ತೇನಪ್ಪಾ?" ಎಂದರು. ಎರಡು ಸಲ ಕರೆಂಟು ಹೋಗಿ, ಟೈಪು ಮಾಡಿದ್ದೆಲ್ಲ ಅಳಿಸಿ, ಮೂರನೇ ಸಲಕ್ಕೆ ಅದು ತಲುಪಿತು. ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದು ವಾರವಾಯಿತು.

ತಿಂಗಳ ಗಡುವು ಮುಗಿದರೂ ಸಾಲು ಹಾಗೇ ಇದೆ. ಬಾಕಿ ಇರುವುದು ಗಿರಿಜಾಂಬಿಕಾ ಮಂಡಿಯ ಚಿಂತೆ. ಆ ಕೆಲಸವಿಲ್ಲದೆ ಮನೆ ಎಷ್ಟು ದಿನ ನಡೆದೀತು ಎಂದು ಕೇಳಿದರೆ ಶಬೀನಾ ಹುರಿಯನ್ನು ಹಲ್ಲಿನಿಂದ ಕಡಿಯುತ್ತಾರೆ.

ಬೆಳಕು ಹರಿಯುವ ಹೊತ್ತಿಗೆ ಗಲ್ಲಿಯ ತಿರುವಿನಲ್ಲಿ ತಿಪ್ಪಯ್ಯ ಕಾಣಿಸುತ್ತಾನೆ. ತಲೆಯ ಮೇಲೆ ದೊಡ್ಡ ಕಟ್ಟು. ಹಳೇ ಅಭ್ಯಾಸಕ್ಕೆ ನೇರ ಮುಂದಕ್ಕೇ ಬಂದವನು ಶಬೀನಾರ ಮುಖ ನೋಡಿ ನಿಲ್ಲುತ್ತಾನೆ. ಗೊಣಗುತ್ತಾ ಸಾಲಿನ ತುದಿಗೆ ಹೋಗಿ ಕಟ್ಟು ಇಳಿಸುತ್ತಾನೆ.

"ಅಕ್ಕಾ, ಯಾವಾಗ ಸಿಗ್ತವೆ ಅಂತ ಅಮ್ಮೋರು ಕೇಳ್ಕೊಂಡು ಬಾ ಅಂದ್ರು."

ಶಬೀನಾ ಸಾಲಿನ ಮೇಲೊಮ್ಮೆ ಕಣ್ಣಾಡಿಸುತ್ತಾರೆ. "ಸಂಜೆಗೆ."

"ಅಷ್ಟೊತ್ಗೆ ಹರಾಜು ಮುಗ್ದಿರ್ತದಲ್ಲಕ್ಕಾ?"

"ಮುಂದಿನ ಹರಾಜಿಗಾಯ್ತವೆ ಅಂತೇಳು."

ಅವನು ತಲೆ ಕೆರೆದುಕೊಂಡು ಹೊರಡುತ್ತಾನೆ. ಶಬೀನಾ ಎದ್ದು, ಹೊಸ ಕಟ್ಟನ್ನು ಅದರ ಮುಂದಿನದಕ್ಕೆ ಹೊಲಿಯುತ್ತಾರೆ.

"ಇಷ್ಟು ವರ್ಷ ಯಾವಾಗ ಕೊಡ್ತೀಯಾ ಅಂತ ಒಬ್ರೂ ಕೇಳಿರ್ಲಿಲ್ಲ ಕಣ್ರೀ," ಎನ್ನುತ್ತಾರೆ, ದಬ್ಬಣದಿಂದ ಕಣ್ಣು ತೆಗೆಯದೆ. "ಇವತ್ತು ಕೇಳಿದ್ರು."